ಮೂತ್ರದಲ್ಲಿ ತಾಮ್ರ ಇಳಿದಿದೆ: ಇದು ಒಳ್ಳೆಯ ಸುದ್ದಿಯಾ? ವಿಲ್ಸನ್ ಕಾಯಿಲೆಯ ಒಂದು ಪ್ರಕರಣ

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಬರುವ ಹುಡುಗಿ ನಿಜವಾದ ಒಬ್ಬ ರೋಗಿಯಲ್ಲ. ದೇಹದಲ್ಲಿ ತಾಮ್ರ ಸೇರುತ್ತಾ ಹೋಗುವ ವಿಲ್ಸನ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಕಾಣುವ ಲಕ್ಷಣ, ವರದಿ, ತೊಡಕುಗಳನ್ನು ಸೇರಿಸಿ ಕಲಿಕೆಗಾಗಿ ಕಟ್ಟಿದ ಪ್ರಕರಣ ಇದು. ಔಷಧಿಯ ಪ್ರಮಾಣ ಮತ್ತು ವರದಿಗಳನ್ನು ಓದುವ ಮಿತಿಗಳು ಮಾತ್ರ ವೈದ್ಯರು ನಿಜವಾಗಿ ಬಳಸುವಂಥವೇ.

ಹುಡುಗಿಗೆ 19 ವರ್ಷ. ಕೆಲವು ತಿಂಗಳಿಂದ ಸುಸ್ತು, ಹಸಿವಿಲ್ಲ. ಆಮೇಲೆ ಕಣ್ಣು ಹಳದಿಯಾಯಿತು, ಕಾಲು ಊದಿಕೊಂಡಿತು, ಹೊಟ್ಟೆ ಉಬ್ಬಿತು. ಒಂದು ವರ್ಷದ ಹಿಂದೆ ಬೇರೆ ಯಾವುದೋ ಕಾರಣಕ್ಕೆ ರಕ್ತ ಪರೀಕ್ಷೆ ಮಾಡಿಸಿದಾಗ ಲಿವರ್ ಕಿಣ್ವಗಳು ಸ್ವಲ್ಪ ಜಾಸ್ತಿ ಇದ್ದವು. ಸ್ಕ್ಯಾನ್‌ನಲ್ಲಿ ಕೊಬ್ಬು ಕಂಡಿತ್ತು. ‘ಫ್ಯಾಟಿ ಲಿವರ್’ ಎಂದು ಬರೆದು ಫೈಲ್ ಮುಚ್ಚಿದರು. ಆದರೆ ಅವಳು ತೆಳ್ಳಗೆ ಇದ್ದಳು, ಸಕ್ಕರೆ ಕಾಯಿಲೆ ಇರಲಿಲ್ಲ, ಮದ್ಯದ ಅಭ್ಯಾಸ ಇರಲಿಲ್ಲ. ಹಾಗಾದರೆ ಕೊಬ್ಬು ಬಂದದ್ದು ಎಲ್ಲಿಂದ? ಈ ಪ್ರಶ್ನೆಯನ್ನು ಅವತ್ತೇ ಯಾರಾದರೂ ಕೇಳಬೇಕಿತ್ತು. ವಿಲ್ಸನ್ ಕಾಯಿಲೆಯ ಶುರುವಿನಲ್ಲಿ ಲಿವರ್‌ನಲ್ಲಿ ಕೊಬ್ಬು ಸೇರುವುದು ತೀರಾ ಸಾಮಾನ್ಯ.

ನಡುವೆ ಮನೆಯವರು ‘ಲಿವರ್ ಕ್ಲೀನ್’ ಮಾಡುವ ಮಾತ್ರೆ ತರಿಸಿ ಕೊಟ್ಟಿದ್ದರು. ಆ ಡಬ್ಬಿಯ ಮೇಲೆ ಬರೆದಿದ್ದ ಖನಿಜಗಳ ಪಟ್ಟಿಯಲ್ಲಿ ತಾಮ್ರವೂ ಇತ್ತು. ಬೇರೆಯವರಿಗೆ ಅಷ್ಟು ತಾಮ್ರ ಏನೂ ಮಾಡುವುದಿಲ್ಲ. ಇವಳಿಗೆ ಮಾತ್ರ ಅದು ಬೇಡವೇ ಬೇಡದ ವಸ್ತು.

ವರದಿಗಳು ಹೀಗಿದ್ದವು. ಕಾಮಾಲೆ ತೋರಿಸುವ ಬಿಲಿರುಬಿನ್ 3.1, ಲಿವರ್ ತಯಾರಿಸುವ ಪ್ರೋಟೀನ್ ಅಲ್ಬುಮಿನ್ 2.7, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ತೋರಿಸುವ ಐಎನ್‌ಆರ್ 1.6, ಲಿವರ್ ಕಿಣ್ವಗಳಾದ ಎಎಸ್‌ಟಿ 118, ಎಎಲ್‌ಟಿ 74, ಪ್ಲೇಟ್‌ಲೆಟ್ 84,000. ಸ್ಕ್ಯಾನ್‌ನಲ್ಲಿ ಲಿವರ್ ಗಂಟುಗಂಟಾಗಿದೆ, ಗುಲ್ಮ ದೊಡ್ಡದಾಗಿದೆ, ಹೊಟ್ಟೆಯಲ್ಲಿ ನೀರು ತುಂಬಿದೆ. ಅಂದರೆ ಸಿರೋಸಿಸ್, ಗಾಯದ ಕಲೆಗಳಿಂದ ಲಿವರ್ ಗಟ್ಟಿಯಾದ ಸ್ಥಿತಿ. ಹೆಪಟೈಟಿಸ್ ಬಿ ಇಲ್ಲ, ಸಿ ಇಲ್ಲ. ದೇಹವೇ ತನ್ನ ಲಿವರ್ ಮೇಲೆ ದಾಳಿ ಮಾಡುವ ಕಾಯಿಲೆಯ ಗುರುತೂ ಇಲ್ಲ. ಇಷ್ಟು ಚಿಕ್ಕ ವಯಸ್ಸಿನಲ್ಲಿ ಕಾರಣ ಗೊತ್ತಿಲ್ಲದ ಸಿರೋಸಿಸ್ ಕಂಡರೆ ತಾಮ್ರದ ಪರೀಕ್ಷೆ ಮಾಡಿಸಲೇಬೇಕು.

ತಾಮ್ರ ಯಾಕೆ ಒಳಗೇ ಉಳಿಯಿತು

ನಾವು ತಿನ್ನುವ ಆಹಾರದಿಂದ ದಿನಕ್ಕೆ ಸುಮಾರು 1ರಿಂದ 2 ಮಿಲಿಗ್ರಾಂ ತಾಮ್ರ ಒಳಗೆ ಹೋಗುತ್ತದೆ. ದೇಹಕ್ಕೆ ಬೇಕಾದದ್ದು ಅದಕ್ಕಿಂತ ಕಡಿಮೆ. ಮಿಕ್ಕದ್ದನ್ನು ಲಿವರ್ ಪಿತ್ತರಸಕ್ಕೆ ಸೇರಿಸಿ ಮಲದ ಮೂಲಕ ಹೊರಗೆ ಕಳಿಸುತ್ತದೆ. ಈ ಕೆಲಸಕ್ಕೆ ಎಟಿಪಿ7ಬಿ ಎಂಬ ಪ್ರೋಟೀನ್ ಬೇಕು. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಹೀಗೆ ಬಂದ ಅದರ ಎರಡೂ ಜೀನ್‌ಗಳು ಕೆಟ್ಟಿದ್ದರೆ ತಾಮ್ರಕ್ಕೆ ಹೊರಹೋಗುವ ಬಾಗಿಲು ಮುಚ್ಚಿದಂತೆ. ಹುಟ್ಟಿದ ದಿನದಿಂದಲೂ ಅದು ಲಿವರ್‌ನಲ್ಲಿ ಸೇರುತ್ತಾ ಹೋಗುತ್ತದೆ. ಅಲ್ಲಿ ಜಾಗ ಸಾಲದಾದಾಗ ರಕ್ತಕ್ಕೆ ಸೋರಿ ಮಿದುಳು, ಕಣ್ಣು, ಮೂತ್ರಪಿಂಡಗಳಿಗೂ ಹೋಗುತ್ತದೆ. ಸುಮಾರು 30,000 ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇರುತ್ತದೆ ಎಂಬುದು ರೂಢಿಯ ಲೆಕ್ಕ. 1912ರಲ್ಲಿ ಇದನ್ನು ವಿವರವಾಗಿ ಬರೆದವರು ಎಸ್. ಎ. ಕಿನ್ನಿಯರ್ ವಿಲ್ಸನ್. ಜೀನ್ ಪತ್ತೆಯಾದದ್ದು 1993ರಲ್ಲಿ.

ರಕ್ತದಲ್ಲಿ ತಾಮ್ರವನ್ನು ಹೊತ್ತೊಯ್ಯುವ ಪ್ರೋಟೀನ್ ಸೆರುಲೋಪ್ಲಾಸ್ಮಿನ್ ಅವಳಲ್ಲಿ ಡೆಸಿಲೀಟರ್‌ಗೆ 11 ಮಿ.ಗ್ರಾಂ. ಬಂತು. ಸಾಮಾನ್ಯವಾಗಿ 20ಕ್ಕಿಂತ ಮೇಲಿರಬೇಕು. 24 ಗಂಟೆ ಹಿಡಿದಿಟ್ಟ ಮೂತ್ರದಲ್ಲಿ ತಾಮ್ರ 210 ಮೈಕ್ರೋಗ್ರಾಂ. ಇಲ್ಲಿ 100 ದಾಟಿದರೆ ಅನುಮಾನ ಗಟ್ಟಿಯಾಗುತ್ತದೆ. ರಕ್ತದಲ್ಲಿನ ಒಟ್ಟು ತಾಮ್ರ ಡೆಸಿಲೀಟರ್‌ಗೆ 62 ಮೈಕ್ರೋಗ್ರಾಂ. ಇದು ಸಾಮಾನ್ಯಕ್ಕಿಂತ ಕಡಿಮೆ! ಮೈತುಂಬಾ ತಾಮ್ರ ಇರುವವಳ ರಕ್ತದಲ್ಲಿ ತಾಮ್ರ ಕಡಿಮೆ ಹೇಗೆ? ಕಾರಣ ಇದು: ರಕ್ತದ ತಾಮ್ರದಲ್ಲಿ ಬಹುಪಾಲು ಸೆರುಲೋಪ್ಲಾಸ್ಮಿನ್‌ಗೆ ಅಂಟಿಕೊಂಡು ಓಡಾಡುತ್ತದೆ. ಆ ಪ್ರೋಟೀನೇ ಕಡಿಮೆಯಾದಾಗ ಒಟ್ಟು ಲೆಕ್ಕವೂ ಇಳಿಯುತ್ತದೆ. ಹಾನಿ ಮಾಡುವುದು ಅಂಟಿಕೊಳ್ಳದೆ ಬಿಡಿಯಾಗಿ ಉಳಿದ ತಾಮ್ರ. ಅದನ್ನು ತಿಳಿಯಲು ಒಂದು ಸುಲಭ ಲೆಕ್ಕವಿದೆ. ಸೆರುಲೋಪ್ಲಾಸ್ಮಿನ್ ಅನ್ನು ಸುಮಾರು 3ರಿಂದ ಗುಣಿಸಿ, ಬಂದದ್ದನ್ನು ರಕ್ತದ ಒಟ್ಟು ತಾಮ್ರದಿಂದ ಕಳೆಯುವುದು. ಇವಳಲ್ಲಿ 62ರಲ್ಲಿ 33 ಕಳೆದರೆ 29. ಆರೋಗ್ಯವಂತರಲ್ಲಿ ಇದು 15 ದಾಟುವುದಿಲ್ಲ. ಈ ಲೆಕ್ಕವನ್ನು ನೆನಪಿಡಿ, ಮುಂದೆ ಇಡೀ ಪ್ರಕರಣ ಇದರ ಮೇಲೆಯೇ ತಿರುಗುತ್ತದೆ.

ಕಣ್ಣಿನ ವೈದ್ಯರು ಸ್ಲಿಟ್ ಲ್ಯಾಂಪ್‌ನಲ್ಲಿ ನೋಡಿದರು. ಕಾರ್ನಿಯಾದ ಅಂಚಿನಲ್ಲಿ ತಾಮ್ರ ಕೂತು ಆಗುವ, ಕಂದು-ಹಸಿರು ಬಣ್ಣದ ಕೈಸರ್-ಫ್ಲೈಶರ್ ಉಂಗುರ ಇರಲಿಲ್ಲ. ‘ಉಂಗುರ ಇಲ್ಲ, ಹಾಗಾದರೆ ವಿಲ್ಸನ್ ಅಲ್ಲ’ ಎಂದು ಇಲ್ಲಿಗೇ ನಿಲ್ಲಿಸುವವರಿದ್ದಾರೆ. ಮಿದುಳಿಗೆ ತೊಂದರೆಯಾದವರಲ್ಲಿ ಉಂಗುರ ಬಹುತೇಕ ಇದ್ದೇ ಇರುತ್ತದೆ, ನಿಜ. ಆದರೆ ಬರೀ ಲಿವರ್ ಕೆಟ್ಟವರಲ್ಲಿ ಸುಮಾರು ಅರ್ಧ ಜನರಿಗೆ ಇರುವುದೇ ಇಲ್ಲ.

ಇಂಥ ಅರೆಬರೆ ಸುಳಿವುಗಳನ್ನು ಕೂಡಿಸಲು ಲೈಪ್‌ಜಿಗ್ ಅಂಕಪಟ್ಟಿ ಇದೆ. 4 ಅಥವಾ ಮೇಲಾದರೆ ಕಾಯಿಲೆ ಖಚಿತ. ಸೆರುಲೋಪ್ಲಾಸ್ಮಿನ್‌ಗೆ 1, ಮೂತ್ರದ ತಾಮ್ರಕ್ಕೆ 2, ಒಟ್ಟು 3. ಒಂದು ಅಂಕ ಕಡಿಮೆ. ಲಿವರ್‌ನಿಂದ ಚೂರು ತೆಗೆದು ತಾಮ್ರ ಅಳೆಯಬಹುದಿತ್ತು. ಒಣ ತೂಕದ ಪ್ರತಿ ಗ್ರಾಂಗೆ 250 ಮೈಕ್ರೋಗ್ರಾಂ ದಾಟಿದರೆ ಇನ್ನೂ 2 ಅಂಕ. ಆದರೆ ಹೊಟ್ಟೆಯಲ್ಲಿ ನೀರು, ಪ್ಲೇಟ್‌ಲೆಟ್ ಕಡಿಮೆ. ಚರ್ಮದ ಮೂಲಕ ಸೂಜಿ ಹಾಕಿದರೆ ರಕ್ತಸ್ರಾವದ ಅಪಾಯ. ಹಾಗಾಗಿ ಜೀನ್ ಪರೀಕ್ಷೆಗೆ ಕಳಿಸಿದರು. ಎರಡೂ ಪ್ರತಿಗಳಲ್ಲಿ ದೋಷ ಸಿಕ್ಕಿತು, 4 ಅಂಕ ಸೇರಿ 7 ಆಯಿತು. ಫಲಿತಾಂಶ ಬರಲು ವಾರಗಳು ಹಿಡಿದವು. ಚಿಕಿತ್ಸೆ ಅಲ್ಲಿಯವರೆಗೆ ಕಾಯಲಿಲ್ಲ. ಅದು ಸರಿಯಾದ ನಿರ್ಧಾರ.

ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಇತ್ತು. ಔಷಧಿಗೆ ಸಮಯ ಇದೆಯಾ, ಅಥವಾ ನೇರವಾಗಿ ಲಿವರ್ ಕಸಿ ಬೇಕಾ? ಬಿಲಿರುಬಿನ್, ಐಎನ್‌ಆರ್, ಎಎಸ್‌ಟಿ, ಬಿಳಿ ರಕ್ತಕಣ, ಅಲ್ಬುಮಿನ್ ಈ ಐದನ್ನು ನೋಡಿ ಕೊಡುವ ಅಂಕ 11 ಮುಟ್ಟಿದರೆ ಕಸಿ ಇಲ್ಲದೆ ಉಳಿಯುವುದು ಕಷ್ಟ. ಇವಳಿಗೆ ಬಂದದ್ದು 4. ಔಷಧಿ ಕೊಡಬಹುದು.

ಮೊದಲ ಔಷಧಿ, ಮೊದಲ ತೊಡಕು

ಲೋಹವನ್ನು ಹಿಡಿದು ಹೊರಹಾಕುವ ಕೀಲೇಟಿಂಗ್ ಔಷಧಿಗಳು (ಕೀಲೇಟರ್‌ಗಳು) ಲಿವರ್ ಅನ್ನು ‘ತೊಳೆಯುತ್ತವೆ’ ಎಂದು ಜಾಹೀರಾತುಗಳು ಹೇಳುತ್ತವೆ. ಹಾಗೇನೂ ಇಲ್ಲ. ಈ ಔಷಧಿಯ ಅಣು ಲೋಹದ ಅಯಾನನ್ನು ಗಟ್ಟಿಯಾಗಿ ಹಿಡಿದುಕೊಂಡು ನೀರಿನಲ್ಲಿ ಕರಗುವ ಜೋಡಿಯಾಗುತ್ತದೆ. ಆ ಜೋಡಿ ಮೂತ್ರಪಿಂಡದ ಮೂಲಕ ಹೊರಗೆ ಹೋಗುತ್ತದೆ. ಪಿತ್ತರಸದ ಬಾಗಿಲು ಮುಚ್ಚಿಯೇ ಇರುತ್ತದೆ, ಔಷಧಿ ಅದನ್ನು ತೆರೆಯುವುದಿಲ್ಲ. ಔಷಧಿ ನಿಲ್ಲಿಸಿದ ದಿನ ತಾಮ್ರ ಮತ್ತೆ ಸೇರಲು ಶುರು.

ಮೊದಲು ಕೊಟ್ಟದ್ದು ಡಿ-ಪೆನಿಸಿಲಮೈನ್. ಇದರ ಹಿಂದೆ ಒಂದು ಚೆಂದದ ಇತಿಹಾಸ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಲೂಯಿಸೈಟ್ ಎಂಬ ಆರ್ಸೆನಿಕ್ ವಿಷಾನಿಲಕ್ಕೆ ಮದ್ದಾಗಿ ಆಕ್ಸ್‌ಫರ್ಡ್‌ನಲ್ಲಿ ಬಿಎಎಲ್ ಎಂಬ ರಾಸಾಯನಿಕ ಕಂಡುಹಿಡಿದರು. 1951ರ ಹೊತ್ತಿಗೆ ಅದನ್ನೇ ವಿಲ್ಸನ್ ರೋಗಿಗಳಿಗೆ ಚುಚ್ಚಲು ಶುರು ಮಾಡಿದರು. ಕೆಲಸ ಮಾಡುತ್ತಿತ್ತು, ಆದರೆ ಸ್ನಾಯುವಿಗೆ ಚುಚ್ಚುವ ಆ ಸೂಜಿ ವಿಪರೀತ ನೋವು. 1956ರಲ್ಲಿ ಜಾನ್ ವಾಲ್ಷ್ ಬಾಯಿಂದ ನುಂಗಬಹುದಾದ ಪೆನಿಸಿಲಮೈನ್ ಬಗ್ಗೆ ಬರೆದರು. ಪೆನಿಸಿಲಿನ್ ತೆಗೆದುಕೊಂಡವರ ಮೂತ್ರದಲ್ಲಿ ಆ ವಸ್ತುವನ್ನು ಗಮನಿಸಿದ್ದವರೂ ಅವರೇ. ಅಲ್ಲಿಯವರೆಗೆ ಈ ಕಾಯಿಲೆ ಎಂದರೆ ಸಾವು ಎಂದೇ ಲೆಕ್ಕ.

ದಿನಕ್ಕೆ 250 ಮಿ.ಗ್ರಾಂ.ನಿಂದ ಶುರು. ಮೆಲ್ಲಗೆ ಏರಿಸುತ್ತಾ 1000ಕ್ಕೆ ತಲುಪುವುದು ಯೋಜನೆ. ಮೆಲ್ಲಗೆ ಏರಿಸಲು ಕಾರಣವಿದೆ. ಒಮ್ಮೆಲೇ ಜಾಸ್ತಿ ಕೊಟ್ಟರೆ ತಾಮ್ರ ಕದಲಿ, ಮಿದುಳಿನ ಲಕ್ಷಣ ಇರುವವರಲ್ಲಿ ಅದು ಇನ್ನಷ್ಟು ಕೆಡಬಹುದು. ಜೊತೆಗೆ ದಿನಕ್ಕೆ 25 ಮಿ.ಗ್ರಾಂ. ಪಿರಿಡಾಕ್ಸಿನ್, ಅಂದರೆ ಬಿ6 ವಿಟಮಿನ್, ಏಕೆಂದರೆ ಪೆನಿಸಿಲಮೈನ್ ಅದಕ್ಕೆ ಅಡ್ಡಿ ಮಾಡುತ್ತದೆ. ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ಆದಮೇಲೆ ನುಂಗಬೇಕು. ಊಟದ ಜೊತೆ ನುಂಗಿದರೆ ಔಷಧಿ ರಕ್ತಕ್ಕೆ ಸೇರುವುದೇ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಎರಡನೇ ವಾರದಲ್ಲಿ ಜ್ವರ ಬಂತು, ಮೈಮೇಲೆ ಗುಳ್ಳೆ ಎದ್ದಿತು, ಕತ್ತಿನ ಗ್ರಂಥಿ ಊದಿತು. ಬಿಳಿ ರಕ್ತಕಣ ಇಳಿಯತೊಡಗಿತು. ಪೆನಿಸಿಲಮೈನ್‌ಗೆ ಮೊದಲ ಮೂರು ವಾರದೊಳಗೆ ಹೀಗಾಗುವುದು ಗೊತ್ತಿರುವ ಸಂಗತಿ. ಹಾಗಾಗಿಯೇ ಆರಂಭದಲ್ಲಿ ರಕ್ತಕಣ ಮತ್ತು ಮೂತ್ರದ ಪ್ರೋಟೀನ್ ಅನ್ನು ಮತ್ತೆ ಮತ್ತೆ ನೋಡುತ್ತಾರೆ. ಆಮೇಲೂ ಮೂತ್ರದಲ್ಲಿ ಪ್ರೋಟೀನ್ ಹೋಗುವುದು, ದೇಹವೇ ತನ್ನ ಮೇಲೆ ದಾಳಿ ಮಾಡುವ ಲೂಪಸ್‌ನಂಥ ತೊಂದರೆ, ಚರ್ಮ ಸಡಿಲವಾಗುವುದು ಇವೆಲ್ಲ ಬರಬಹುದು. ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರು ಈ ಔಷಧಿ ಬಿಡಬೇಕಾಗುತ್ತದೆ. ಇವಳಿಗೆ ಅದೇ ದಿನ ನಿಲ್ಲಿಸಿದರು.

ಬದಲಿಗೆ ಬಂದದ್ದು ಟ್ರೈಎಂಟೈನ್. ಇದನ್ನೂ ಬಳಕೆಗೆ ತಂದವರು ವಾಲ್ಷ್, 1969ರಲ್ಲಿ, ಪೆನಿಸಿಲಮೈನ್ ಒಗ್ಗದ ರೋಗಿಗಾಗಿ. ಅಡ್ಡ ಪರಿಣಾಮ ಕಡಿಮೆ. ದಿನಕ್ಕೆ 1000 ಮಿ.ಗ್ರಾಂ., ಬೆಳಿಗ್ಗೆ ಎರಡು ಕ್ಯಾಪ್ಸೂಲ್, ಮಧ್ಯಾಹ್ನ ಒಂದು, ರಾತ್ರಿ ಒಂದು. ಇದೂ ಖಾಲಿ ಹೊಟ್ಟೆಗೇ. ಕಬ್ಬಿಣದ ಮಾತ್ರೆಯ ಜೊತೆ ಕೂಡದು, ಏಕೆಂದರೆ ಎರಡೂ ಸೇರಿ ಆಗುವ ಜೋಡಿಯೇ ವಿಷ. ಮೊದಲ ವರ್ಷ ಪ್ರಾಣಿಯ ಲಿವರ್, ಚಿಪ್ಪು ಜೀವಿಗಳು, ಗೋಡಂಬಿಯಂಥ ಬೀಜಗಳು, ಅಣಬೆ, ಚಾಕೊಲೇಟ್ ಬೇಡ ಎಂದರು. ಪಥ್ಯ ಒಂದರಿಂದಲೇ ಈ ಕಾಯಿಲೆ ನಿಲ್ಲುವುದಿಲ್ಲ, ಅದು ಔಷಧಿಗೆ ಸಣ್ಣ ಸಹಾಯ ಅಷ್ಟೇ.

ಆರು ತಿಂಗಳಲ್ಲಿ ಹೊಟ್ಟೆಯ ನೀರು ಹೋಯಿತು. ಅಲ್ಬುಮಿನ್ 3.6ಕ್ಕೆ ಏರಿತು. ಸಿರೋಸಿಸ್ ಆದ ಲಿವರ್ ಕೂಡ ತಾಮ್ರದ ಹೊರೆ ಇಳಿದರೆ ಇಷ್ಟು ಚೇತರಿಸಿಕೊಳ್ಳುತ್ತದೆ ಎಂಬುದನ್ನು ಕುಟುಂಬಗಳು ನಂಬುವುದು ಕಷ್ಟ. ಗಾಯದ ಕಲೆ ಉಳಿಯುತ್ತದೆ, ಕೆಲಸ ಮರಳುತ್ತದೆ.

110

ಈಗ ನಿಜವಾದ ವಿಷಯಕ್ಕೆ ಬರೋಣ. ಟ್ರೈಎಂಟೈನ್ ಶುರುವಾದಮೇಲೆ ಮೂತ್ರದ ತಾಮ್ರ ಹೀಗೆ ನಡೆಯಿತು: ಒಂದು ತಿಂಗಳಿಗೆ 780 ಮೈಕ್ರೋಗ್ರಾಂ, ಆರು ತಿಂಗಳಿಗೆ 460, ಒಂದು ವರ್ಷಕ್ಕೆ 320, ಒಂದೂವರೆ ವರ್ಷಕ್ಕೆ 110.

ಕಾಯಿಲೆ ಪತ್ತೆಯಾದಾಗ 210 ಇದ್ದದ್ದು ಔಷಧಿ ಕೊಟ್ಟಮೇಲೆ 780 ಆಯಿತು ಎಂದು ಮನೆಯವರು ಗಾಬರಿಯಾಗಿದ್ದರು. ಗಾಬರಿ ಬೇಡ, ಅದು ಹೊರಗೆ ಹೋಗುತ್ತಿರುವ ತಾಮ್ರ. ಔಷಧಿ ಇಲ್ಲದಾಗಿನ 210 ಮತ್ತು ಔಷಧಿಯ ಮೇಲಿನ 210 ಒಂದೇ ಅಲ್ಲ. ಮೊದಲನೆಯದು ಕಾಯಿಲೆಯ ಗುರುತು, ಎರಡನೆಯದು ಚಿಕಿತ್ಸೆ ಹದವಾಗಿ ನಡೆಯುತ್ತಿದೆ ಎಂಬುದರ ಗುರುತು. ವರ್ಷ ಕಳೆದಮೇಲೆ ಔಷಧಿಯ ಮೇಲೆ ಇರುವವರಲ್ಲಿ 200ರಿಂದ 500ರ ನಡುವೆ ಇರಬೇಕು ಎಂಬುದು ಸಾಮಾನ್ಯ ಗುರಿ.

ಹಾಗಾದರೆ 110 ಏನು? ಮನೆಯಲ್ಲಿ ಸಂತೋಷ. “ತಾಮ್ರ ಎಲ್ಲಾ ಖಾಲಿ ಆಯ್ತಲ್ವಾ ಡಾಕ್ಟ್ರೇ, ಮಾತ್ರೆ ಕಡಿಮೆ ಮಾಡಬಹುದಾ?” ಎಂದು ತಾಯಿ ಕೇಳಿದರು. ಕೇಳಿದ್ದು ಸಹಜವೇ. ಆ ಸಾಧ್ಯತೆ ನಿಜವಾಗಿಯೂ ಇದೆ. ಜಾಸ್ತಿ ದಿನ ಜಾಸ್ತಿ ಔಷಧಿ ಕೊಟ್ಟರೆ ದೇಹಕ್ಕೆ ಬೇಕಾದ ತಾಮ್ರವೂ ಹೋಗಿಬಿಡುತ್ತದೆ. ಆಗ ರಕ್ತಹೀನತೆ ಬರುತ್ತದೆ, ಬಿಳಿ ಕಣ ಇಳಿಯುತ್ತದೆ, ಲಿವರ್‌ನಲ್ಲಿ ಕಬ್ಬಿಣ ಸೇರುತ್ತದೆ. ಆದರೆ 110 ಬರಲು ಇನ್ನೊಂದು ದಾರಿಯೂ ಇದೆ: ಮಾತ್ರೆಯನ್ನೇ ನುಂಗದಿರುವುದು. ತಾಮ್ರವನ್ನು ಹಿಡಿದು ಹೊರಗೆ ಎಳೆಯುವ ವಸ್ತು ಒಳಗೆ ಹೋಗದಿದ್ದರೆ ಮೂತ್ರದಲ್ಲಿ ತಾಮ್ರ ಇಳಿಯಲೇಬೇಕು.

ಎರಡು ಕಾರಣಗಳೂ ಒಂದಕ್ಕೊಂದು ಪೂರ್ತಿ ವಿರುದ್ಧ. ಮೂತ್ರದ ವರದಿ ಎರಡರಲ್ಲೂ ಒಂದೇ ಥರ ಕಾಣುತ್ತದೆ. ಮೊದಲನೆಯದಾದರೆ ಪ್ರಮಾಣ ಇಳಿಸಬೇಕು. ಎರಡನೆಯದಾದರೆ ಇಳಿಸುವುದು ಅಪಾಯ. ಬಿಡಿ ತಾಮ್ರದ ಲೆಕ್ಕ ಇಲ್ಲಿ ಕೈ ಹಿಡಿಯುತ್ತದೆ. ತಾಮ್ರ ಖಾಲಿಯಾಗಿದ್ದರೆ ಆ ಲೆಕ್ಕ 5ಕ್ಕಿಂತ ಕೆಳಗೆ ಇರುತ್ತದೆ. ಮಾತ್ರೆ ಬಿಟ್ಟಿದ್ದರೆ 15ಕ್ಕಿಂತ ಮೇಲೆ.

ಅವಳ ರಕ್ತದಲ್ಲಿ ಒಟ್ಟು ತಾಮ್ರ 56, ಸೆರುಲೋಪ್ಲಾಸ್ಮಿನ್ 10. 56ರಲ್ಲಿ 30 ಕಳೆದರೆ 26. ಎಎಲ್‌ಟಿ ಒಂದು ವರ್ಷದ ಹೊತ್ತಿಗೆ 34 ಇದ್ದದ್ದು ಈಗ 71. ರಕ್ತಹೀನತೆ ಇಲ್ಲ, ಬಿಳಿ ಕಣ ಸರಿಯಾಗಿದೆ. ಉತ್ತರ ಸ್ಪಷ್ಟ.

ಒಂದು ಮಾತು ಸೇರಿಸಬೇಕು. ಈ ಲೆಕ್ಕ ಅಷ್ಟೊಂದು ನಿಖರವಲ್ಲ. ಪ್ರಯೋಗಾಲಯಗಳು ಸೆರುಲೋಪ್ಲಾಸ್ಮಿನ್ ಅಳೆಯುವ ರೀತಿಯಲ್ಲಿ ತಾಮ್ರ ಅಂಟಿರದ ಪ್ರೋಟೀನ್ ಕೂಡ ಎಣಿಕೆಗೆ ಸೇರಿಬಿಡುತ್ತದೆ. ಕೆಲವೊಮ್ಮೆ ಉತ್ತರ ಸೊನ್ನೆಗಿಂತ ಕೆಳಗೆ ಬರುತ್ತದೆ, ಅದಕ್ಕೆ ಅರ್ಥವೇ ಇಲ್ಲ. ಹಾಗಾಗಿ ಈ ಅಂಕಿಯನ್ನು ಒಂಟಿಯಾಗಿ ನಂಬಬಾರದು. ಇಲ್ಲಿ ಎಎಲ್‌ಟಿ ಕೂಡ ಅದೇ ದಿಕ್ಕು ತೋರಿಸಿತು. ಮೂತ್ರ ಹಿಡಿಯುವುದರಲ್ಲಿ ಎಡವಟ್ಟಾದರೂ ಅಂಕಿ ಇಳಿಯುತ್ತದೆ. 24 ಗಂಟೆಯಲ್ಲಿ ಒಂದೆರಡು ಸಲ ಹಿಡಿಯದೇ ಹೋದರೆ ಸಾಕು. ಅದಕ್ಕೇ ಮೂತ್ರದ ಒಟ್ಟು ಪ್ರಮಾಣ ಮತ್ತು ದಿನವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಹೊರಹೋಗುವ ಕ್ರಿಯಾಟಿನಿನ್ ನೋಡಿದರು, ಸರಿಯಾಗಿಯೇ ಇತ್ತು.

ಹುಡುಗಿಯನ್ನು ಒಬ್ಬಳನ್ನೇ ಕೂರಿಸಿ ಕೇಳಿದಾಗ ಹೇಳಿದಳು. ಮಧ್ಯಾಹ್ನದ ಕ್ಯಾಪ್ಸೂಲ್ ಬಿಟ್ಟು ಬಹಳ ದಿನವಾಗಿತ್ತು. ಕೊನೆಯ ಎರಡು ತಿಂಗಳಲ್ಲಿ ಉಳಿದವನ್ನೂ ನೆನಪಾದರೆ ಮಾತ್ರ. ಅವಳು ಕಾಲೇಜಿನ ಹಾಸ್ಟೆಲ್ ಸೇರಿದ್ದಳು. ಆ ಕ್ಯಾಪ್ಸೂಲ್ ಫ್ರಿಜ್‌ನಲ್ಲಿ ಇಡಬೇಕು, 2ರಿಂದ 8 ಡಿಗ್ರಿಯಲ್ಲಿ. ಫ್ರಿಜ್ ಇದ್ದದ್ದು ವಾರ್ಡನ್ ಕೋಣೆಯಲ್ಲಿ. ದಿನಾ ಹೋಗಿ ಕೇಳಬೇಕು, ಯಾಕೆ ಅಂತ ಹೇಳಬೇಕು. ಊಟಕ್ಕೆ ಒಂದು ಗಂಟೆ ಮೊದಲು ಎಂದರೆ ತರಗತಿ ನಡೆಯುವ ಹೊತ್ತು. ಮೇಲಾಗಿ ಅವಳಿಗೆ ಏನೂ ಆಗುತ್ತಿರಲಿಲ್ಲ, ಚೆನ್ನಾಗಿಯೇ ಇದ್ದಳು. ಚೆನ್ನಾಗಿರುವವರು ದಿನಕ್ಕೆ ಮೂರು ಹೊತ್ತು ಕಾಯಿಲೆ ನೆನಪಿಸಿಕೊಳ್ಳಬೇಕು ಎನ್ನುವುದು ಕಷ್ಟದ ಬೇಡಿಕೆ. ಇದನ್ನು ‘ಬೇಜವಾಬ್ದಾರಿ’ ಎಂದು ಕೇಸ್ ಶೀಟಿನಲ್ಲಿ ಬರೆಯುವ ಅಭ್ಯಾಸ ನನಗೆ ಹಿಡಿಸುವುದಿಲ್ಲ. ತೊಂದರೆ ಇದ್ದದ್ದು ಔಷಧಿಯ ವೇಳಾಪಟ್ಟಿಯಲ್ಲಿ.

ಅವಳು ಒಂದು ವಿಷಯದಲ್ಲಿ ಪ್ರಾಮಾಣಿಕಳಾಗಿದ್ದಳು ಎನ್ನಬೇಕು. ಪರೀಕ್ಷೆಗೆ ಮೊದಲಿನ ಎರಡು ದಿನ ಸರಿಯಾಗಿ ನುಂಗಿಬಿಟ್ಟಿದ್ದರೆ ಮೂತ್ರದ ತಾಮ್ರ 500 ದಾಟಿ ಬರುತ್ತಿತ್ತೇನೋ. ಸೇರಿಕೊಂಡಿದ್ದ ತಾಮ್ರ ಒಮ್ಮೆಲೇ ಹೊರಬಂದು ‘ಔಷಧಿ ಚೆನ್ನಾಗಿ ಕೆಲಸ ಮಾಡುತ್ತಿದೆ’ ಎಂಬ ಸುಳ್ಳು ಚಿತ್ರ ಸಿಗುತ್ತಿತ್ತು. ವರ್ಷಗಟ್ಟಲೆ ಚಿಕಿತ್ಸೆಯಲ್ಲಿ ಇರುವವರಲ್ಲಿ ಇದ್ದಕ್ಕಿದ್ದಂತೆ ಬರುವ ಹೆಚ್ಚಿನ ಅಂಕಿಯನ್ನೂ ಅನುಮಾನದಿಂದ ನೋಡಬೇಕಾದದ್ದು ಇದಕ್ಕೇ.

ಔಷಧಿ ಬಿಟ್ಟವರಲ್ಲಿ ಕೆಲವರಿಗೆ ತಿಂಗಳುಗಳಲ್ಲಿ, ಕೆಲವರಿಗೆ ಕೆಲವು ವರ್ಷಗಳಲ್ಲಿ ಲಿವರ್ ಹಠಾತ್ತಾಗಿ ಕೈಕೊಡುತ್ತದೆ. ಆಗ ಮತ್ತೆ ಔಷಧಿ ಕೊಟ್ಟರೂ ಹಲವರಲ್ಲಿ ಫಲ ಸಿಗುವುದಿಲ್ಲ, ಕಸಿಯೇ ಗತಿಯಾಗುತ್ತದೆ. ಇವಳ ಐಎನ್‌ಆರ್ ಇನ್ನೂ 1.2 ಇತ್ತು. ಸಮಯ ಇತ್ತು.

ಬದಲಾಯಿಸಿದ್ದು

ಒಟ್ಟು ಪ್ರಮಾಣ ಅಷ್ಟೇ ಇಟ್ಟುಕೊಂಡು ಎರಡು ಹೊತ್ತಿಗೆ ಹಂಚಿದರು. ಬೆಳಿಗ್ಗೆ ಎದ್ದ ಕೂಡಲೇ ಎರಡು, ರಾತ್ರಿ ಮಲಗುವ ಮೊದಲು ಎರಡು. ಫ್ರಿಜ್ ಬೇಡದ ಟ್ರೈಎಂಟೈನ್ ಟೆಟ್ರಾಹೈಡ್ರೋಕ್ಲೋರೈಡ್ ಎಂಬ ಹೊಸ ರೂಪವೂ ಇದೆ. ಆದರೆ ಅದರ ಪ್ರಮಾಣದ ಲೆಕ್ಕವೇ ಬೇರೆ. ಹಳೆಯದರ ಬದಲು ಅಷ್ಟೇ ಮಿಲಿಗ್ರಾಂ ಇದನ್ನು ನುಂಗುವಂತಿಲ್ಲ. ಅದು ಸಿಗುವವರೆಗೆ ಹಾಸ್ಟೆಲ್ ಕೋಣೆಗೆ ಒಂದು ಸಣ್ಣ ಕೂಲರ್ ಡಬ್ಬಿ ಬಂತು. ನಾಲ್ಕು ತಿಂಗಳಾದಮೇಲೆ ಮೂತ್ರದ ತಾಮ್ರ 390, ಬಿಡಿ ತಾಮ್ರದ ಲೆಕ್ಕ 13, ಎಎಲ್‌ಟಿ 38. ಮೂತ್ರದಲ್ಲಿ ತಾಮ್ರ ಏರಿತು, ಈ ಸಲ ಅದು ಒಳ್ಳೆಯ ಸುದ್ದಿಯೇ.

ಈ ಹೊತ್ತಿಗೆ ಯಾರೋ ಮನೆಯವರಿಗೆ ‘ಇಡಿಟಿಎ ಡ್ರಿಪ್ ಹಾಕಿಸಿ, ಎಲ್ಲಾ ಲೋಹ ಒಂದೇ ಸಲ ಹೋಗುತ್ತೆ’ ಎಂದಿದ್ದರು. ಇಡಿಟಿಎ ಇನ್ನೊಂದು ಕೀಲೇಟರ್. ಈ ಸಲಹೆಗೆ ಸ್ವಲ್ಪ ಖಾರವಾಗಿಯೇ ಉತ್ತರ ಕೊಡಬೇಕು. ಎಲ್ಲಾ ಲೋಹಕ್ಕೂ ಒಂದೇ ಕೀಲೇಟರ್ ಎಂಬುದಿಲ್ಲ. ಸೀಸಕ್ಕೆ ಸಕ್ಸಿಮರ್ ಅಥವಾ ಕ್ಯಾಲ್ಸಿಯಂ ಇಡಿಟಿಎ. ಪದೇ ಪದೇ ರಕ್ತ ಹಾಕಿಸಿಕೊಂಡು ಲಿವರ್‌ನಲ್ಲಿ ಕಬ್ಬಿಣ ಸೇರಿದವರಿಗೆ ಡಿಫೆರಾಕ್ಸಮೈನ್‌ನಂಥವು. ವಂಶದಿಂದ ಬರುವ, ದೇಹದಲ್ಲಿ ಕಬ್ಬಿಣ ಸೇರುವ ಹಿಮೋಕ್ರೊಮಟೋಸಿಸ್ ಕಾಯಿಲೆಗಂತೂ ಕೀಲೇಟರ್‌ಗಿಂತ ಆಗಾಗ ರಕ್ತ ತೆಗೆಯುವುದೇ ಮೊದಲ ಚಿಕಿತ್ಸೆ. ವಿಲ್ಸನ್ ಕಾಯಿಲೆಯ ಚಿಕಿತ್ಸೆಯಲ್ಲಿ ಇಡಿಟಿಎಗೆ ಜಾಗವಿಲ್ಲ. ಅದರಲ್ಲೂ ಕ್ಯಾಲ್ಸಿಯಂ ಬದಲು ಬರೀ ಸೋಡಿಯಂ ಇರುವ ಇಡಿಟಿಎ ರಕ್ತದ ಕ್ಯಾಲ್ಸಿಯಂ ಅನ್ನೇ ಎಳೆದುಬಿಡುತ್ತದೆ. ಹೀಗೆ ಕ್ಯಾಲ್ಸಿಯಂ ಕುಸಿದು ಆದ ಸಾವುಗಳನ್ನು, ಮಕ್ಕಳದ್ದೂ ಸೇರಿ, ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2006ರಲ್ಲಿ ವರದಿ ಮಾಡಿದೆ. ಮೊದಲು ಕೀಲೇಟರ್ ಕೊಟ್ಟು ಆಮೇಲೆ ಮೂತ್ರ ಪರೀಕ್ಷಿಸಿ ‘ನೋಡಿ ಎಷ್ಟು ಲೋಹ’ ಎಂದು ತೋರಿಸುವ ಆಟವೂ ಇದೆ. ಕೀಲೇಟರ್ ಕೊಟ್ಟರೆ ಯಾರ ಮೂತ್ರದಲ್ಲಾದರೂ ಲೋಹ ಏರುತ್ತದೆ. ಅದನ್ನು ಔಷಧಿ ತೆಗೆದುಕೊಳ್ಳದವರ ಮಿತಿಗೆ ಹೋಲಿಸಿದರೆ ಎಲ್ಲರೂ ರೋಗಿಗಳೇ.

ಕುಟುಂಬಕ್ಕೆ ಹೇಳಬೇಕಾದ ಇನ್ನೊಂದು ವಿಷಯ ತಮ್ಮನದ್ದು. ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆಯ ಸಾಧ್ಯತೆ. 14 ವರ್ಷದ ಹುಡುಗ, ಆಟ ಪಾಠ ಎಲ್ಲಾ ಸರಿ, ಎಎಲ್‌ಟಿ ಸ್ವಲ್ಪ ಜಾಸ್ತಿ. ಜೀನ್ ಪರೀಕ್ಷೆಯಲ್ಲಿ ಅಕ್ಕನದ್ದೇ ಎರಡು ದೋಷಗಳು. ಅವನಿಗೆ ಸತುವಿನ ಮಾತ್ರೆ ಶುರು ಮಾಡಿದರು. ಸತು ಕೀಲೇಟರ್ ಅಲ್ಲ. ಕರುಳಿನ ಒಳಪದರದ ಕೋಶಗಳಲ್ಲಿ ಮೆಟಲೋಥಯೋನಿನ್ ಎಂಬ ಪ್ರೋಟೀನ್ ಹೆಚ್ಚಿಸುತ್ತದೆ. ಅದು ಆಹಾರದ ತಾಮ್ರವನ್ನು ಅಲ್ಲೇ ಹಿಡಿದಿಡುತ್ತದೆ, ಆ ಕೋಶ ಉದುರಿದಾಗ ತಾಮ್ರವೂ ಮಲದ ಜೊತೆ ಹೋಗುತ್ತದೆ. ಹಾಗಾಗಿ ಅವನ ಮೂತ್ರದ ತಾಮ್ರವನ್ನು ಅಕ್ಕನ ಗುರಿಯಿಂದ ಅಳೆಯಬಾರದು. ಸತು ತೆಗೆದುಕೊಳ್ಳುವವರಲ್ಲಿ ಅದು 75ಕ್ಕಿಂತ ಕೆಳಗೆ ಇರುವುದೇ ಒಳ್ಳೆಯದು. ಮಾತ್ರೆ ನುಂಗುತ್ತಿದ್ದಾನೋ ಇಲ್ಲವೋ ಎಂಬುದು ಮೂತ್ರದ ಸತುವನ್ನು ಅಳೆದರೆ ಗೊತ್ತಾಗುತ್ತದೆ.

ಅಕ್ಕನನ್ನೂ ಸತುವಿಗೆ ಬದಲಾಯಿಸಬೇಕೇ ಎಂಬ ಚರ್ಚೆ ಈಗ ನಡೆದಿದೆ. ಅಡ್ಡ ಪರಿಣಾಮ ಕಡಿಮೆ, ಫ್ರಿಜ್ ಬೇಡ. ಆದರೆ ಅದೂ ದಿನಕ್ಕೆ ಮೂರು ಹೊತ್ತು, ಅದೂ ಊಟದಿಂದ ದೂರ. ಮಧ್ಯಾಹ್ನದ ಕ್ಯಾಪ್ಸೂಲ್‌ನಲ್ಲೇ ಎಡವಿದವಳಿಗೆ ಮತ್ತೆ ಮಧ್ಯಾಹ್ನದ ಮಾತ್ರೆ ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಬಿಡಿ ತಾಮ್ರವೂ 15ರ ಕೆಳಗೆ ಬಂದು ಕೆಲವೇ ತಿಂಗಳಾಗಿದೆ. ಕನಿಷ್ಠ ಇನ್ನೊಂದು ವರ್ಷ ಎರಡು ಹೊತ್ತಿನ ಟ್ರೈಎಂಟೈನ್ ಮುಂದುವರಿಸಿ, ಆರು ತಿಂಗಳಿಗೊಮ್ಮೆ ಮೂತ್ರ ಮತ್ತು ರಕ್ತ ಎರಡನ್ನೂ ಒಟ್ಟಿಗೆ ನೋಡಿ, ಆಮೇಲೆ ತೀರ್ಮಾನಿಸಬಹುದು.